ಹಲಗಲಿ, ಸ್ಕಾಟ್ಸ್‌ಬರೊ, ಹೈದರಾಬಾದು: ವಕೀಲನಿಲ್ಲದ ವಿಚಾರಣೆಯ ಚರಿತ್ರೆ

ಬಾಗಲಕೋಟೆ ಜಿಲ್ಲೆಯ ಹಲಗಲಿ ಎಂಬ ಊರು ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಮುಖ್ಯವಾಗಿ ಒಂದು ಲಾವಣಿಯಿಂದ ಪರಿಚಿತವಾಗಿದೆ. ಜೆ. ಎಫ್. ಫ್ಲೀಟ್ ಸಂಗ್ರಹಿಸಿದ ಈ ಭಾಗದ ಲಾವಣಿಗಳಲ್ಲಿ ಅದು ಅತ್ಯಂತ ಪ್ರಸಿದ್ಧವಾದುದು. ಆಯುಧಗಳನ್ನು ಸರಕಾರಕ್ಕೆ ಒಪ್ಪಿಸಬೇಕೆಂಬ 1857ರ ಆಜ್ಞೆಯನ್ನು ಹಲಗಲಿಯ ಬೇಡರು ತಿರಸ್ಕರಿಸಿದರು. ಆ ವರ್ಷದ ನವೆಂಬರ್ ಕೊನೆಯಲ್ಲಿ ಸೈನ್ಯ ಊರನ್ನು ಸುಟ್ಟಿತು. ಡಿಸೆಂಬರ್ ತಿಂಗಳಲ್ಲಿ 19 ಜನರನ್ನು ಮುಧೋಳ ಮತ್ತು ಹಲಗಲಿಗಳಲ್ಲಿ ಸಾರ್ವಜನಿಕವಾಗಿ ಗಲ್ಲಿಗೇರಿಸಲಾಯಿತು. ದಂಗೆ ಅಡಗಿದ ದಿನಕ್ಕೂ ನೇಣು ಬಿಗಿದ ದಿನಕ್ಕೂ ನಡುವೆ ಇದ್ದ ಅಂತರ ಎರಡು ವಾರದಷ್ಟು. ಲಾವಣಿಯಲ್ಲಿ ಹನುಮ, ಬಾಲ, ಜಡಗ, ರಾಮರ ಹೆಸರುಗಳಿವೆ. ಬಂದೂಕು, ಕುದುರೆ, ಬೆಂಕಿ, ಲೂಟಿಗಳಿವೆ. ನ್ಯಾಯಾಲಯ ಇಲ್ಲ. ಹಾಡುಗಾರನ ಲೋಕಾನುಭವದಲ್ಲಿ ಅಂಥದೊಂದು ಸ್ಥಳಕ್ಕೆ ಜಾಗವೇ ಇರಲಿಲ್ಲವೆಂದು ತೋರುತ್ತದೆ. ಹಿಡಿದವನೂ ವಿಚಾರಿಸಿದವನೂ ಶಿಕ್ಷಿಸಿದವನೂ ಒಂದೇ ಆಗಿದ್ದಾಗ, ಹಿಡಿಯಲ್ಪಟ್ಟವನ ಪಕ್ಷದಲ್ಲಿ ನಿಂತು ಮಾತನಾಡುವವನು ಲಾವಣಿಕಾರ ಮಾತ್ರ. ಅವನಾದರೂ ಬರುವುದು ಎಲ್ಲ ಮುಗಿದ ಮೇಲೆ.

ನೇಣಿನ ಮುಂದೆ ನಿಂತ ಬಡವನಿಗೆ, ಎಲ್ಲ ಮುಗಿಯುವ ಮೊದಲೇ, ಮಾತನಾಡುವವನೊಬ್ಬನನ್ನು ಒದಗಿಸಬೇಕೆಂಬ ತತ್ತ್ವ ಕಾನೂನಿನಲ್ಲಿ ಹೇಗೆ ಸೇರಿತು? ಸಾಮಾನ್ಯವಾಗಿ ಇದರ ಉತ್ತರವನ್ನು ಸಂವಿಧಾನದ ಪುಟಗಳಲ್ಲಿ ಹುಡುಕುತ್ತಾರೆ. ಆದರೆ ಅದರ ಒಂದು ಮುಖ್ಯ ಎಳೆ ಅಮೆರಿಕದ ಅಲಬಾಮಾ ರಾಜ್ಯದ ಗೂಡ್ಸ್ ಗಾಡಿಯೊಂದರಿಂದ ಹೊರಟು, ಹುನಗುಂದ-ಇಳಕಲ್ಲುಗಳ ಪಕ್ಕದಲ್ಲೇ ಗಡಿ ಹೊಂದಿದ್ದ ಹೈದರಾಬಾದ್ ಸಂಸ್ಥಾನದ ಸೆರೆಮನೆಗೆ ಬಂದು ಸೇರುತ್ತದೆ. ಈ ಎಳೆಯ ಆರಂಭದಲ್ಲಿರುವುದು ‘ಇಂಟರ್‌ನ್ಯಾಷನಲ್ ಲೇಬರ್ ಡಿಫೆನ್ಸ್’ ಎಂಬ ಎಡಪಂಥೀಯ ಸಂಘಟನೆ. ಕಾರ್ಮಿಕ ರಕ್ಷಣಾ ಸಂಘವೆಂದು ಅದನ್ನು ಇಲ್ಲಿ ಕರೆಯಬಹುದು.

1925ರಲ್ಲಿ ಷಿಕಾಗೋ ನಗರದಲ್ಲಿ ಅಮೆರಿಕದ ಕಮ್ಯುನಿಸ್ಟರು ಇದನ್ನು ಸ್ಥಾಪಿಸಿದರು. 1922ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ್ದ ಅಂತರರಾಷ್ಟ್ರೀಯ ಕೆಂಪು ನೆರವು ಸಂಸ್ಥೆಯ ಅಮೆರಿಕನ್ ಶಾಖೆ ಇದು. ಮುಷ್ಕರಗಳಲ್ಲಿ ಬಂಧಿತರಾದ ಕಾರ್ಮಿಕರಿಗೆ ವಕೀಲರನ್ನು ನೇಮಿಸುವುದು, ಜಾಮೀನು ಹಣ ಕೂಡಿಸುವುದು, ಸೆರೆಯಲ್ಲಿದ್ದವರಿಗೆ ತಿಂಗಳಿಗೆ ಕೆಲವು ಡಾಲರು ಕಳಿಸುವುದು, ಅವರ ಮನೆಯವರನ್ನು ನೋಡಿಕೊಳ್ಳುವುದು ಇದರ ದಿನನಿತ್ಯದ ಕೆಲಸ. ಸ್ಯಾಕೊ ಮತ್ತು ವಾನ್ಜೆಟಿ ಎಂಬ ಇಟಾಲಿಯನ್ ವಲಸಿಗರ ಪರವಾಗಿ ನಡೆಸಿದ ಆಂದೋಲನದಿಂದ ಅದರ ಹೆಸರು ದೇಶದಾಚೆಗೆ ಹಬ್ಬಿತು. 1927ರ ಆಗಸ್ಟ್‌ನಲ್ಲಿ ಅವರಿಬ್ಬರಿಗೂ ಮರಣದಂಡನೆಯಾಯಿತು. ನ್ಯಾಯಾಲಯದೊಳಗಿನ ವಾದವೊಂದರಿಂದಲೇ ಬಡವ ಗೆಲ್ಲಲಾರ, ಬೀದಿಯಲ್ಲಿ ಸಾವಿರಾರು ಜನ ನೋಡುತ್ತಿದ್ದಾರೆಂಬ ಅರಿವು ನ್ಯಾಯಾಧೀಶನಿಗೆ ಇರಬೇಕು ಎಂಬ ನಿಲುವಿಗೆ ಸಂಘ ಗಟ್ಟಿಯಾಗಿ ಅಂಟಿಕೊಂಡಿತು. ಈ ನಿಲುವಿನ ಬಲವೂ ದೌರ್ಬಲ್ಯವೂ ಒಟ್ಟಿಗೇ ಪ್ರಕಟವಾದದ್ದು ಸ್ಕಾಟ್ಸ್‌ಬರೊದಲ್ಲಿ.

1931ರ ಮಾರ್ಚ್ 25ರಂದು ಕೆಲಸ ಹುಡುಕುತ್ತ ಗೂಡ್ಸ್ ಗಾಡಿ ಹತ್ತಿದ್ದ ಒಂಬತ್ತು ಮಂದಿ ಕಪ್ಪು ಹುಡುಗರನ್ನು ಅಲಬಾಮಾದ ಪೇಂಟ್ ರಾಕ್ ಎಂಬಲ್ಲಿ ಇಳಿಸಿ ಬಂಧಿಸಲಾಯಿತು. ಅದೇ ಗಾಡಿಯಲ್ಲಿದ್ದ ಇಬ್ಬರು ಬಿಳಿಯ ಯುವತಿಯರ ಮೇಲೆ ಅತ್ಯಾಚಾರ ಮಾಡಿದರೆಂಬುದು ಆರೋಪ. ಅವರಲ್ಲಿ ಅತ್ಯಂತ ಕಿರಿಯ ರಾಯ್ ರೈಟ್ ಹದಿಮೂರರ ಬಾಲಕ. ಸುಮಾರು ಎರಡು ವಾರಗಳಲ್ಲೇ, ಏಪ್ರಿಲ್ 6ರಿಂದ 9ರವರೆಗಿನ ನಾಲ್ಕು ದಿನಗಳಲ್ಲಿ, ಸ್ಕಾಟ್ಸ್‌ಬರೊ ಪಟ್ಟಣದಲ್ಲಿ ವಿಚಾರಣೆ ನಡೆದು ಎಂಟು ಜನರಿಗೆ ಮರಣದಂಡನೆ ವಿಧಿಸಲಾಯಿತು. ಹೊರಗೆ ಸಾವಿರಾರು ಜನರ ಗುಂಪು, ಸಶಸ್ತ್ರ ಕಾವಲು. ಒಳಗೆ ಪ್ರತಿವಾದಕ್ಕೆ ನಿಂತವರಲ್ಲಿ ಒಬ್ಬ ಟೆನೆಸಿಯ ಸ್ಥಿರಾಸ್ತಿ ವಕೀಲ. ಅಲಬಾಮಾದ ಕಾನೂನಿನ ಪರಿಚಯ ತನಗಿಲ್ಲವೆಂದು ಅವನೇ ಹೇಳಿಕೊಂಡಿದ್ದ. ಇನ್ನೊಬ್ಬ ವೃತ್ತಿ ಬಹುತೇಕ ಬಿಟ್ಟಿದ್ದ ವೃದ್ಧ. ಹಲಗಲಿಯಲ್ಲಿ ವಕೀಲನೇ ಇರಲಿಲ್ಲ. ಸ್ಕಾಟ್ಸ್‌ಬರೊದಲ್ಲಿ ಹೆಸರಿಗೆ ಇದ್ದ. ಎರಡಕ್ಕೂ ತೆಗೆದುಕೊಂಡ ಕಾಲ ಒಂದೇ, ಎರಡು ವಾರ.

ಕಪ್ಪುಜನರ ಹಕ್ಕುಗಳಿಗಾಗಿ 1909ರಿಂದ ದುಡಿಯುತ್ತಿದ್ದ ಎನ್.ಎ.ಎ.ಸಿ.ಪಿ. ಸಂಸ್ಥೆ ಮೊದಮೊದಲು ಹಿಂಜರಿಯಿತು. ಆರೋಪ ನಿಜವಿದ್ದರೆ ತನ್ನ ಗೌರವಕ್ಕೆ ಕುಂದು ಬಂದೀತೆಂಬ ಎಚ್ಚರಿಕೆ ಅದರದು. ರಕ್ಷಣಾ ಸಂಘ ಹಾಗೆ ಲೆಕ್ಕ ಹಾಕುತ್ತ ಕೂರಲಿಲ್ಲ. ತೀರ್ಪು ಬಂದ ಕೂಡಲೇ ಅದರ ಜನ ಸೆರೆಮನೆಗೂ, ಹುಡುಗರ ಬಡ ತಂದೆತಾಯಿಗಳ ಮನೆಗೂ ಹೋದರು. ಮುಂದೆ ಎರಡು ಸಂಸ್ಥೆಗಳ ನಡುವೆ ಕಹಿಯಾದ ಜಗಳವಾಯಿತು. ಕಮ್ಯುನಿಸ್ಟರಿಗೆ ಬೇಕಾಗಿರುವುದು ಹುಡುಗರ ಪ್ರಾಣವಲ್ಲ, ಹುತಾತ್ಮರು ಎಂದು ಒಂದು ಪಕ್ಷ; ನೀವು ಆಳುವವರ ಬಾಗಿಲು ಕಾಯುವವರು ಎಂದು ಇನ್ನೊಂದು ಪಕ್ಷ. ತಾಯಂದಿರು ಆರಿಸಿಕೊಂಡದ್ದು ಮಾತ್ರ ಸಂಘವನ್ನು. ಓದುಬರಹವಿಲ್ಲದ ಆ ಹೆಂಗಸರಿಗೆ ಪಕ್ಷದ ತತ್ತ್ವ ತಿಳಿಯದಿರಬಹುದು. ತಮ್ಮನ್ನು ಸಮಾನರೆಂದು ಕೂರಿಸಿ ಮಾತನಾಡಿಸಿದವರು ಯಾರೆಂಬುದು ಚೆನ್ನಾಗಿ ತಿಳಿದಿತ್ತು. ಇಬ್ಬರು ಮಕ್ಕಳು ಸೆರೆಯಲ್ಲಿದ್ದ ಏಡಾ ರೈಟ್ ಎಂಬ ತಾಯಿ 1932ರಲ್ಲಿ ಯುರೋಪಿನ ಹಲವು ದೇಶಗಳನ್ನು ಸುತ್ತಿ ಸಭೆಗಳಲ್ಲಿ ಮಾತನಾಡಿದಳು. ಅಲಬಾಮಾದ ಒಂದು ಮೂಲೆಯ ಮೊಕದ್ದಮೆ ಲೋಕದ ಮೊಕದ್ದಮೆಯಾಯಿತು. 1932ರ ಜನವರಿಯಲ್ಲಿ ಎನ್.ಎ.ಎ.ಸಿ.ಪಿ. ಈ ಪ್ರಕರಣದಿಂದ ಹಿಂದೆ ಸರಿಯಿತು.

ಸಂಘ ನೇಮಿಸಿದ ವಾಲ್ಟರ್ ಪೊಲಾಕ್ ಎಂಬ ವಕೀಲರು ಅಮೆರಿಕದ ಸರ್ವೋಚ್ಚ ನ್ಯಾಯಾಲಯದಲ್ಲಿ ವಾದಿಸಿದ ಮೇಲ್ಮನವಿಯೇ ‘ಪೊವೆಲ್ ವಿರುದ್ಧ ಅಲಬಾಮಾ’. 1932ರ ನವೆಂಬರ್ 7ರಂದು ಹೊರಬಿದ್ದ ತೀರ್ಪು ಹುಡುಗರು ನಿರಪರಾಧಿಗಳೆಂದು ಹೇಳಲಿಲ್ಲ. ಜನಾಂಗದ್ವೇಷದ ಪ್ರಶ್ನೆಯನ್ನೂ ಮುಟ್ಟಲಿಲ್ಲ. ಅದು ಹೇಳಿದ್ದು ಚಿಕ್ಕ ಮಾತು. ಪ್ರಾಣಕ್ಕೆ ಎರವಾಗುವ ಮೊಕದ್ದಮೆಯಲ್ಲಿ, ವಕೀಲನನ್ನು ನೇಮಿಸಿಕೊಳ್ಳಲು ಶಕ್ತಿಯಿಲ್ಲದ, ಅಜ್ಞಾನದಿಂದಲೋ ಅನಕ್ಷರತೆಯಿಂದಲೋ ತನ್ನನ್ನು ತಾನು ಸಮರ್ಥಿಸಿಕೊಳ್ಳಲಾರದ ಆರೋಪಿಗೆ ನ್ಯಾಯಾಲಯವೇ ವಕೀಲನನ್ನು ಒದಗಿಸಬೇಕು. ಆ ವಕೀಲನಿಗೆ ಸಿದ್ಧತೆಗೆ ಕಾಲವೂ ಇರಬೇಕು. ಇಲ್ಲವಾದರೆ ನಡೆದದ್ದು ವಿಚಾರಣೆಯೇ ಅಲ್ಲ. ನ್ಯಾಯಮೂರ್ತಿ ಸದರ್ಲೆಂಡ್ ಸಂಪ್ರದಾಯವಾದಿಯೆಂದು ಹೆಸರಾದವರು. ಅವರ ಲೇಖನಿಯಿಂದ ಈ ತೀರ್ಪು ಬಂದುದರ ಹಿಂದೆ ಬೀದಿಯ ಗದ್ದಲವೂ ಇತ್ತೆಂದು ಸಂಘ ಭಾವಿಸಿತು. ಅದು ಪೂರ್ತಿ ಸರಿಯಲ್ಲ, ಪೂರ್ತಿ ತಪ್ಪೂ ಅಲ್ಲ.

ಕನ್ನಡದ ಜೈನ ಸಾಹಿತ್ಯ ಓದಿದವರಿಗೆ ಇಲ್ಲಿ ವಡ್ಡಾರಾಧನೆಯ ವಿದ್ಯುಚ್ಚೋರನ ಕಥೆ ನೆನಪಾಗದಿರದು. ಕಳ್ಳನೆಂದು ಹಿಡಿತಂದವನನ್ನು ತಳಾರ ಬಗೆಬಗೆಯಾಗಿ ದಂಡಿಸಿದರೂ ನಿಜ ಹೊರಡುವುದಿಲ್ಲ. ಅರಸ ಅಭಯ ಕೊಟ್ಟ ಮೇಲೆ ಹೊರಡುತ್ತದೆ. ಆ ಕಥೆಯ ಉದ್ದೇಶ ಬೇರೆ, ಕರ್ಮ ಮತ್ತು ವೈರಾಗ್ಯಗಳ ನಿರೂಪಣೆ. ಆದರೂ ಭಯದ ಬಾಯಿಂದ ಬಂದ ಮಾತು ಸಾಕ್ಷಿಯಾಗದು ಎಂಬ ತಿಳಿವು ಹತ್ತನೆಯ ಶತಮಾನದ ಆಸುಪಾಸಿನ ಕನ್ನಡ ಗದ್ಯದಲ್ಲಿ ಹುದುಗಿದೆ. ವ್ಯತ್ಯಾಸವಿರುವುದು ಒಂದರಲ್ಲಿ. ವಿದ್ಯುಚ್ಚೋರನಿಗೆ ದೊರೆತ ಅಭಯ ಅರಸನ ಕೃಪೆ. ಪೊವೆಲ್ ತೀರ್ಪು ಕೊಟ್ಟದ್ದು ಕೇಳಿ ಪಡೆಯಬಹುದಾದ ಹಕ್ಕು.

ಸಂಘದ ಮುಂದಿನ ಕಥೆ ಅಷ್ಟು ನಿರ್ಮಲವಲ್ಲ. 1933ರ ಮರುವಿಚಾರಣೆಗೆ ಸ್ಯಾಮ್ಯುಯೆಲ್ ಲೈಬೊವಿಟ್ಜ್ ಎಂಬ ಪ್ರಖ್ಯಾತ ವಕೀಲರನ್ನು ಕರೆತರಲಾಯಿತು. ಆರೋಪ ಹೊರಿಸಿದ್ದ ಇಬ್ಬರಲ್ಲಿ ಒಬ್ಬಳಾದ ರೂಬಿ ಬೇಟ್ಸ್ ತಾನು ಹೇಳಿದ್ದು ಸುಳ್ಳೆಂದು ಸಾಕ್ಷಿ ನುಡಿದಳು. ಆದರೂ ಬಿಳಿಯರೇ ತುಂಬಿದ್ದ ಜ್ಯೂರಿ ಮರಣದಂಡನೆಯನ್ನೇ ಹೇಳಿತು. ಅದನ್ನು ತಳ್ಳಿಹಾಕಿದ ನ್ಯಾಯಾಧೀಶ ಜೇಮ್ಸ್ ಹಾರ್ಟನ್ ಮರುವರ್ಷದ ಚುನಾವಣೆಯಲ್ಲಿ ತಮ್ಮ ಸ್ಥಾನ ಕಳೆದುಕೊಂಡರು. 1934ರಲ್ಲಿ ಇನ್ನೊಬ್ಬ ದೂರುದಾರಳಿಗೆ ಲಂಚ ಕೊಡುವ ಯತ್ನದಲ್ಲಿ ಸಂಘದ ಪರವಾದ ವಕೀಲರು ಸಿಕ್ಕಿಬಿದ್ದರು. ಗುರಿ ಒಳ್ಳೆಯದಾದರೆ ದಾರಿಯನ್ನು ಪ್ರಶ್ನಿಸಬೇಕಿಲ್ಲವೆಂಬ ಅಹಂಕಾರದ ಫಲವಿದು. ಸಂಘವನ್ನು ಮೆಚ್ಚುವವರು ಈ ಪುಟವನ್ನು ಬೇಗ ತಿರುವಿಹಾಕುತ್ತಾರೆ; ಹಾಗೆ ಮಾಡುವುದು ಚರಿತ್ರೆಗೆ ಒಪ್ಪುವುದಿಲ್ಲ. ಲೈಬೊವಿಟ್ಜ್ ಸಂಘದಿಂದ ದೂರ ಸರಿದರು. 1935ರ ಏಪ್ರಿಲ್ 1ರಂದು, ಜ್ಯೂರಿಯಿಂದ ಕಪ್ಪುಜನರನ್ನು ಹೊರಗಿಡುವುದು ಸಂವಿಧಾನಬಾಹಿರವೆಂದು ‘ನಾರಿಸ್ ವಿರುದ್ಧ ಅಲಬಾಮಾ’ ತೀರ್ಪು ಬಂತು. ಅದೇ ವರ್ಷದ ಕೊನೆಗೆ ಎನ್.ಎ.ಎ.ಸಿ.ಪಿ.ಯೂ ಸೇರಿ ಎಲ್ಲರ ಸಂಯುಕ್ತ ಸಮಿತಿಯೊಂದು ಹೊಣೆ ವಹಿಸಿಕೊಂಡಿತು. 1937ರಲ್ಲಿ ನಾಲ್ವರ ಮೇಲಿನ ಆರೋಪಗಳನ್ನು ಕೈಬಿಡಲಾಯಿತು. ಕೊನೆಯವನು ಸೆರೆಯಿಂದ ಹೊರಬಂದದ್ದು 1950ರಲ್ಲಿ. ಮರಣೋತ್ತರ ಕ್ಷಮಾದಾನ ಉಳಿದ ಮೂವರಿಗೆ ಸಿಕ್ಕಿದ್ದು 2013ರಲ್ಲಿ. ವಿಳಂಬದ ಈ ಪಟ್ಟಿ ನಾಚಿಕೆಗೇಡಿನದು. ಆದರೆ ಒಂಬತ್ತು ಜನರಲ್ಲಿ ಒಬ್ಬನಿಗೂ ಮರಣದಂಡನೆ ಜಾರಿಯಾಗಲಿಲ್ಲ.

ಅಮೆರಿಕದ ಈ ದಕ್ಷಿಣ ಸೀಮೆಯನ್ನು ಕಣ್ಣಾರೆ ಕಂಡ ಕನ್ನಡನಾಡಿನ ಹೆಣ್ಣುಮಗಳೊಬ್ಬರಿದ್ದಾರೆ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1941ರಲ್ಲಿ ಅಲ್ಲಿ ರೈಲಿನಲ್ಲಿ ಪಯಣಿಸುತ್ತಿದ್ದಾಗ ಟಿಕೆಟ್ ಪರೀಕ್ಷಕ ಅವರನ್ನು ಬಿಳಿಯರ ಡಬ್ಬಿಯಿಂದ ಏಳುವಂತೆ ಹೇಳಿದ. ಅವರು ಭಾರತೀಯರೆಂದು ತಿಳಿದ ಮೇಲೆ ಅವನ ಧ್ವನಿ ಮೆತ್ತಗಾಯಿತು. ಕಮಲಾದೇವಿಯವರು ಆ ವಿನಾಯಿತಿಯನ್ನು ಸ್ವೀಕರಿಸಲಿಲ್ಲ. ತಾನೂ ಬಣ್ಣದ ಹೆಂಗಸೇ ಎಂದು ಹೇಳಿ ಕುಳಿತಲ್ಲಿಂದ ಕದಲಲಿಲ್ಲ.

ಅದೇ 1941ರ ಮಾರ್ಚ್ ತಿಂಗಳಲ್ಲಿ, ಅವರ ತವರು ದಕ್ಷಿಣ ಕನ್ನಡ ಜಿಲ್ಲೆಯ ಅಂದಿನ ಕಾಸರಗೋಡು ಸೀಮೆಯ ಕಯ್ಯೂರಿನಲ್ಲಿ ರೈತ ಸಂಘದ ಮೆರವಣಿಗೆಯ ನಡುವೆ ಸಿಕ್ಕಿಬಿದ್ದ ಪೊಲೀಸನೊಬ್ಬ ಹೊಳೆಗೆ ಹಾರಿ ಸತ್ತ. 61 ಜನರ ಮೇಲೆ ಮೊಕದ್ದಮೆ ಹೂಡಲಾಯಿತು. ಮುಂದೆ ಕೇರಳದ ಮುಖ್ಯಮಂತ್ರಿಯಾದ ಇ. ಕೆ. ನಾಯನಾರ್ ಮೂರನೆಯ ಆರೋಪಿ, ಅವರು ಭೂಗತರಾದರು. ವಿಚಾರಣೆ ನಡೆದದ್ದು ಮಂಗಳೂರಿನ ಸೆಷನ್ಸ್ ನ್ಯಾಯಾಲಯದಲ್ಲಿ. ಇಲ್ಲಿ ವಕೀಲರಿದ್ದರು, ಮೇಲ್ಮನವಿಯೂ ಆಯಿತು, ಕ್ಷಮಾದಾನಕ್ಕಾಗಿ ಆಂದೋಲನವೂ ನಡೆಯಿತು. ಸ್ಕಾಟ್ಸ್‌ಬರೊದ ವಿಧಾನದ ಎಲ್ಲ ಅಂಗಗಳೂ ಇದ್ದವು. ಅಷ್ಟೇ ಅಲ್ಲ, 1942ರ ಜುಲೈಯಲ್ಲಿ ಕಮ್ಯುನಿಸ್ಟ್ ಪಕ್ಷದ ಮೇಲಿನ ನಿಷೇಧ ತೆರವಾಗಿ, ಪಕ್ಷವು ‘ಜನಯುದ್ಧ’ದ ನಿಲುವಿನಿಂದ ಬ್ರಿಟಿಷರ ಯುದ್ಧಕ್ಕೆ ಬೆಂಬಲ ಕೊಡುತ್ತಿತ್ತು. ಯಾವುದೂ ಉಪಯೋಗಕ್ಕೆ ಬರಲಿಲ್ಲ. 1943ರ ಮಾರ್ಚ್ 29ರಂದು ಕಣ್ಣೂರು ಸೆರೆಮನೆಯಲ್ಲಿ ಮಠತ್ತಿಲ್ ಅಪ್ಪು, ಚಿರುಕಂಡನ್, ಕುಂಞಂಬು ನಾಯರ್, ಅಬೂಬಕರ್ ನಾಲ್ವರನ್ನೂ ಗಲ್ಲಿಗೇರಿಸಲಾಯಿತು. ಐದನೆಯವನು ಚಿಕ್ಕ ವಯಸ್ಸಿನವನೆಂಬ ಕಾರಣಕ್ಕೆ ಉಳಿದ. ನೀಲೇಶ್ವರದಲ್ಲಿ ಓದಿದ್ದ ನಿರಂಜನರು 1955ರಲ್ಲಿ ‘ಚಿರಸ್ಮರಣೆ’ ಕಾದಂಬರಿ ಪ್ರಕಟಿಸಿದರು. ಹಲಗಲಿಗೆ ಲಾವಣಿ, ಕಯ್ಯೂರಿಗೆ ಕಾದಂಬರಿ. ಚಿರಸ್ಮರಣೆಯನ್ನು ರೈತ ಹೋರಾಟದ ಕೃತಿಯಾಗಿ ಓದುವವರು ಅದು ಒಂದು ಸೋತ ಮೊಕದ್ದಮೆಯ ಕೃತಿಯೂ ಹೌದೆಂಬುದನ್ನು ಅಷ್ಟಾಗಿ ಗಮನಿಸಿಲ್ಲ. ಸಂಶೋಧಕರು ಈ ದಿಕ್ಕಿನಲ್ಲಿ ನೋಡಬೇಕಾಗಿದೆ.

ಇನ್ನು ಹೈದರಾಬಾದಿನ ಮಾತು. ಅಂದಿನ ಬಿಜಾಪುರ ಜಿಲ್ಲೆಯ ಬಾಗಲಕೋಟೆ, ಬಾದಾಮಿ, ಹುನಗುಂದ ತಾಲ್ಲೂಕುಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಇಳಕಲ್ಲಿನಿಂದ ಕುಷ್ಟಗಿಯ ದಾರಿ ಹಿಡಿದು ಕೆಲವು ಮೈಲಿ ನಡೆದರೆ ನಿಜಾಮನ ಸೀಮೆ. ಸೀರೆಯ ಗಂಟು ಹೊತ್ತ ನೇಕಾರನಿಗೆ ಎರಡೂ ಕಡೆ ಒಂದೇ ಕನ್ನಡ, ಒಂದೇ ಜೋಳದ ಹೊಲ. ಬದಲಾಗುತ್ತಿದ್ದುದು ನಾಣ್ಯ ಮತ್ತು ಕಾನೂನು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಸಂಸ್ಥಾನದಲ್ಲಿ ಸೇನಾ ರಾಜ್ಯಪಾಲರ ಆಡಳಿತ ಬಂತು. ಸಂಸ್ಥಾನದ ಪೂರ್ವಭಾಗದ ತೆಲಂಗಾಣದಲ್ಲಿ ರೈತರ ಸಶಸ್ತ್ರ ಹೋರಾಟ ಇನ್ನೂ ನಡೆಯುತ್ತಿತ್ತು. ಅದನ್ನು ಅಡಗಿಸಲು ವಿಶೇಷ ನ್ಯಾಯಮಂಡಳಿಗಳು ರಚನೆಯಾದವು. 1949ರ ಆಗಸ್ಟ್‌ನಲ್ಲಿ ಇಂಥ ಮಂಡಳಿಯಿಂದ ಕೊಲೆಯ ಆರೋಪದ ಮೇಲೆ ಹಲವರಿಗೆ ಮರಣದಂಡನೆಯಾಯಿತು. ಅದೇ ಡಿಸೆಂಬರಿನಲ್ಲಿ ಹೈದರಾಬಾದಿನ ಹೈಕೋರ್ಟು ಅದನ್ನು ಖಾಯಂ ಮಾಡಿತು. ಹೀಗೆ ನೇಣಿಗಾಗಿ ಕಾದು ಕುಳಿತವರು ಹನ್ನೆರಡು ಮಂದಿ.

ಅವರ ಪರ ವಾದಿಸಲು ಲಂಡನ್ನಿನಿಂದ ಬಂದವರು ಡಿ. ಎನ್. ಪ್ರಿಟ್. 1932ರಲ್ಲಿ ಹೋ ಚಿ ಮಿನ್ ಪರವಾಗಿ ಪ್ರಿವಿ ಕೌನ್ಸಿಲ್‌ನಲ್ಲಿ ನಿಂತವರು ಇವರೇ. ಮುಂದೆ ಕೆನ್ಯಾದ ಜೋಮೋ ಕೆನ್ಯಾಟಾ ಪರ ವಾದಿಸಲಿದ್ದವರೂ ಇವರೇ. ಸ್ವಭಾವದಿಂದಲೂ ಸಂಪರ್ಕಗಳಿಂದಲೂ ಅವರು ಅಮೆರಿಕದ ರಕ್ಷಣಾ ಸಂಘದ ಪರಂಪರೆಗೆ ಹತ್ತಿರದವರು. ಭಾರತದ ಸರ್ವೋಚ್ಚ ನ್ಯಾಯಾಲಯದ ‘ಜನಾರ್ದನ ರೆಡ್ಡಿ ವಿರುದ್ಧ ಹೈದರಾಬಾದ್ ರಾಜ್ಯ’ ಪ್ರಕರಣ ಎರಡು ಹಂತದಲ್ಲಿ ತೀರ್ಮಾನವಾಯಿತು. ಮೊದಲನೆಯದು 1950ರ ಡಿಸೆಂಬರಿನಲ್ಲಿ. ಹೈದರಾಬಾದಿನ ಹೈಕೋರ್ಟು ತೀರ್ಪಿತ್ತದ್ದು ಸಂವಿಧಾನ ಜಾರಿಯಾದ 1950ರ ಜನವರಿ 26ಕ್ಕಿಂತ ಮುಂಚೆ. ಆದ್ದರಿಂದ ವಿಶೇಷ ಅನುಮತಿಯ ಮೇಲ್ಮನವಿ ಕೇಳುವ ಅಧಿಕಾರ ತನಗಿಲ್ಲ ಎಂದಿತು ನ್ಯಾಯಾಲಯ. ಇಳಕಲ್ಲಿನ ಆಚೆ ನೆಲದ ಮೇಲಿದ್ದ ಗಡಿ ಈಗ ಪಂಚಾಂಗದ ಮೇಲೆ ಬಂದು ಕುಳಿತಿತ್ತು. ಕೆಲವು ವಾರಗಳ ಅಂತರದಿಂದ ಹನ್ನೆರಡು ಜನ ಸಂವಿಧಾನದ ಆಚೆ ಬದಿಗೆ ಬಿದ್ದಿದ್ದರು.

ಎರಡನೆಯದು 1951ರ ಮಾರ್ಚ್‌ನಲ್ಲಿ. ಈ ಬಾರಿ ಎತ್ತಿದ ಆಕ್ಷೇಪಗಳಲ್ಲಿ ಒಂದು, ವಿಚಾರಣೆಯ ಕಾಲದಲ್ಲಿ ಆರೋಪಿಗಳಿಗೆ ವಕೀಲನ ನೆರವು ಸಿಗಲಿಲ್ಲ ಎಂಬುದು. ಅದಕ್ಕೆ ಆಧಾರವಾಗಿ ಬಂದದ್ದು ಸ್ಕಾಟ್ಸ್‌ಬರೊದ ಪೊವೆಲ್ ತೀರ್ಪು. ಅಲಬಾಮಾದ ಹುಡುಗರಿಗಾಗಿ ಒಂದು ಎಡಪಂಥೀಯ ಸಂಘ ಹಣ ಕೂಡಿಸಿ ಗಳಿಸಿದ ಮಾತು, ಹತ್ತೊಂಬತ್ತು ವರ್ಷಗಳ ಮೇಲೆ, ತೆಲಂಗಾಣದ ರೈತರ ಕೊರಳಿನ ಪ್ರಶ್ನೆಯಾಗಿ ದೆಹಲಿಯಲ್ಲಿ ಚರ್ಚೆಗೆ ಒಳಗಾಯಿತು. ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಆರೋಪಿಗೆ ವಕೀಲನಿರಲಿಲ್ಲವೆಂಬ ಒಂದೇ ಕಾರಣಕ್ಕೆ ಮರಣದಂಡನೆಯ ವಿಚಾರಣೆ ಅಸಿಂಧುವಾಗದು ಎಂದು ಹೇಳಿತು. ಆದರೆ ಬಾಗಿಲನ್ನು ಪೂರ್ತಿ ಮುಚ್ಚಲೂ ಇಲ್ಲ. ಕಾನೂನಿನ ನೆರವಿಲ್ಲದೆ ಆರೋಪಿಯ ಕೈಕಟ್ಟಿಹೋಗಿ ನಡೆದದ್ದು ನ್ಯಾಯವಾದ ವಿಚಾರಣೆಯ ನಿರಾಕರಣೆಯೇ ಆಗಿದ್ದರೆ, ಮೇಲಿನ ನ್ಯಾಯಾಲಯ ಕೈಹಾಕಬಹುದೆಂದಿತು. ಅರ್ಜಿಗಳು ವಜಾ ಆದವು.

ಆದರೂ ಹನ್ನೆರಡು ಜನ ಉಳಿದರು. ನ್ಯಾಯಾಲಯದಲ್ಲಿ ಸೋತ ಮೇಲೂ ದೇಶವಿದೇಶಗಳಲ್ಲಿ ಎದ್ದ ಕೂಗಿನಿಂದ ಅವರ ಮರಣದಂಡನೆ ಜೀವಾವಧಿ ಶಿಕ್ಷೆಯಾಗಿ ಪರಿವರ್ತನೆಯಾಯಿತು. ಇತ್ತ ಅಮೆರಿಕದಲ್ಲಿ ರಕ್ಷಣಾ ಸಂಘ 1946ರಲ್ಲೇ ‘ಸಿವಿಲ್ ರೈಟ್ಸ್ ಕಾಂಗ್ರೆಸ್’ ಎಂಬ ಹೊಸ ಸಂಸ್ಥೆಯಲ್ಲಿ ಲೀನವಾಗಿತ್ತು. ಸಂಘದ ಕಾರ್ಯದರ್ಶಿಯಾಗಿದ್ದ ವಿಲಿಯಂ ಪ್ಯಾಟರ್‌ಸನ್ ಈ ಸಂಸ್ಥೆಯನ್ನೂ ನಡೆಸಿದರು. ಅದೇ 1951ರ ಮೇ ತಿಂಗಳಲ್ಲಿ ಮಿಸಿಸಿಪ್ಪಿಯಲ್ಲಿ ವಿಲ್ಲಿ ಮೆಗೀ ಎಂಬ ಕಪ್ಪು ಲಾರಿ ಚಾಲಕನಿಗಾಗಿ ಅವರು ನಡೆಸಿದ ದೀರ್ಘ ಆಂದೋಲನ ವಿದ್ಯುತ್ ಕುರ್ಚಿಯಲ್ಲಿ ಕೊನೆಗೊಂಡಿತು. ಕಮ್ಯುನಿಸ್ಟ್ ವಿರೋಧದ ಆ ದಿನಗಳಲ್ಲಿ, ಯಾವ ಕೂಗು ಇಪ್ಪತ್ತು ವರ್ಷಗಳ ಹಿಂದೆ ಜೀವ ಉಳಿಸಿತ್ತೋ ಅದೇ ಕೂಗು ಆರೋಪಿಯ ಮೇಲಿನ ಅನುಮಾನವನ್ನು ಹೆಚ್ಚಿಸುತ್ತಿತ್ತು. 1956ರಲ್ಲಿ ಆ ಸಂಸ್ಥೆ ಮುಚ್ಚಿಹೋಯಿತು. ಮಾಂಟ್‌ಗೊಮರಿಯ ಬಸ್ ಬಹಿಷ್ಕಾರ ನಡೆಯುತ್ತಿದ್ದ ವರ್ಷವದು. ರೋಸಾ ಪಾರ್ಕ್ಸ್ ಅವರ ಪತಿ ರೇಮಂಡ್ ಒಂದು ಕಾಲಕ್ಕೆ ಸ್ಕಾಟ್ಸ್‌ಬರೊ ಹುಡುಗರಿಗಾಗಿ ದುಡಿದವರೆಂಬುದನ್ನು ಆ ಹೋರಾಟದ ಜನಪ್ರಿಯ ಚರಿತ್ರೆಗಳು ಅಪರೂಪಕ್ಕೆ ನೆನೆಯುತ್ತವೆ.

ದೆಹಲಿಯಲ್ಲಿ ಸೋತ ವಾದ ಮೆಲ್ಲಮೆಲ್ಲನೆ ಕಾನೂನಾಯಿತು. ಬಡವರಿಗೆ ಉಚಿತ ಕಾನೂನು ನೆರವು ಕೊಡಬೇಕೆಂಬ 39ಎ ವಿಧಿ 1976ರಲ್ಲಿ ಸಂವಿಧಾನಕ್ಕೆ ಸೇರಿತು. 1979ರ ಹುಸೈನಾರಾ ಖಾತೂನ್ ಪ್ರಕರಣ ಬಿಹಾರದ ವಿಚಾರಣಾಧೀನ ಕೈದಿಗಳ ಮೂಲಕ ಅದನ್ನು ಜೀವಿಸುವ ಹಕ್ಕಿಗೆ ಜೋಡಿಸಿತು. 1986ರ ಸುಖ್ ದಾಸ್ ಪ್ರಕರಣದಲ್ಲಿ, ಉಚಿತ ನೆರವಿನ ಹಕ್ಕನ್ನು ಆರೋಪಿಗೆ ತಿಳಿಸದೆ ನಡೆಸಿದ ವಿಚಾರಣೆ ಕೆಟ್ಟುಹೋಗುತ್ತದೆ ಎಂದು ನ್ಯಾಯಾಲಯ ಹೇಳಿತು. ಜನಾರ್ದನ ರೆಡ್ಡಿ ತೀರ್ಪಿನಿಂದ ಎಷ್ಟು ದೂರ ಬಂದಿತ್ತೆಂಬುದನ್ನು ಇದರಿಂದ ಅಳೆಯಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮ 1995ರ ನವೆಂಬರ್ 9ರಿಂದ ಜಾರಿಗೆ ಬಂದು ತಾಲ್ಲೂಕು ಮಟ್ಟದಲ್ಲಿ ಸಮಿತಿಗಳಿಗೆ ಅವಕಾಶ ಮಾಡಿತು.

2012ರ ಆಗಸ್ಟ್ 29ರಂದು, ಮುಂಬಯಿ ದಾಳಿಯ ಅಪರಾಧಿ ಅಜ್ಮಲ್ ಕಸಬ್‌ನ ಮೇಲ್ಮನವಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಈ ದಾರಿಯನ್ನೆಲ್ಲ ಮತ್ತೆ ನಡೆದು ನೋಡಿತು. ದೇಶವೇ ದ್ವೇಷಿಸಿದ ಒಬ್ಬನ ಮರಣದಂಡನೆಯನ್ನು ಎತ್ತಿಹಿಡಿಯುತ್ತಲೇ, ಬಂಧಿತನನ್ನು ಮೊದಲ ಬಾರಿ ತನ್ನ ಮುಂದೆ ಹಾಜರುಪಡಿಸಿದಾಗ ವಕೀಲನ ನೆರವು ಪಡೆಯುವ ಹಕ್ಕು ಅವನಿಗಿದೆಯೆಂದೂ, ಹಣವಿಲ್ಲದಿದ್ದರೆ ಸರಕಾರದ ವೆಚ್ಚದಲ್ಲಿ ಅದು ದೊರೆಯುತ್ತದೆಂದೂ ತಿಳಿಸುವುದು ಪ್ರತಿಯೊಬ್ಬ ಮ್ಯಾಜಿಸ್ಟ್ರೇಟರ ಕರ್ತವ್ಯವೆಂದು ಅದು ವಿಧಿಸಿತು. ಆ ಆದೇಶ ಅನ್ವಯಿಸುವ ನ್ಯಾಯಾಲಯಗಳಲ್ಲಿ ಬಾದಾಮಿಯದೂ ಇದೆ, ಹುನಗುಂದದ್ದೂ ಇದೆ, ಹಲಗಲಿಯ ಬೇಡರನ್ನು ಸಂತೆಯ ಜನರ ಮುಂದೆ ನೇಣಿಗೇರಿಸಿದ ಮುಧೋಳದ್ದೂ ಇದೆ.